ಗಾಜು ಗೀಚಿದ್ದೆಲ್ಲ ವಜ್ರವಲ್ಲ!

ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಮೇಲೆ ಮಕ್ಕಳ ಕಿಸೆ ಒಮ್ಮೆ ತಡವಿ ನೋಡಿ. ನಾಲ್ಕಾರು ಹೊಳೆಯೋ ಕಲ್ಲು ಸಿಗದಿದ್ರೆ ಕೇಳಿ! ‘ಮಮ್ಮಿ, ಇದು ವಜ್ರ ಇರಬಹುದಾ?’ ಅನ್ನೋ ಪ್ರಶ್ನೆ ಬೇರೆ. ಬೈದು ಹೊರಗೆ ಎಸೆಯಬೇಡಿ. ಆ ಕಲ್ಲು ನಿಮ್ಮ ಸಾವಿರಾರು ರೂಪಾಯಿ ಉಳಿಸಬಹುದು.

ಸವದತ್ತಿ, ರಾಮದುರ್ಗದ ಗುಡ್ಡಗಳಲ್ಲಿ ಹೆಚ್ಚಾಗಿ ಸಿಗೋದು ಮರಳು ಒತ್ತಿ ಗಟ್ಟಿಯಾದ ಕಲ್ಲು. ನೂರು ಕೋಟಿ ವರ್ಷಕ್ಕಿಂತ ಹಳೆಯದು. ಅದರಲ್ಲಿ ತುಂಬಿರೋದು ಬೆಣಚು, ಅಂದರೆ ಕ್ವಾರ್ಟ್ಜ್. ಇದೇ ಬೆಣಚು ನೀರಿನಂತೆ ತಿಳಿಯಾಗಿದ್ದರೆ ಅದಕ್ಕೆ ಸ್ಫಟಿಕ ಅಂತ ಹೆಸರು.

ಖನಿಜಗಳ ಗಟ್ಟಿತನ ಅಳೆಯಲು ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಹತ್ತು ಮೆಟ್ಟಿಲು ಮಾಡಿಟ್ಟರು. ಪೌಡರ್ ಡಬ್ಬಿಯ ಟಾಲ್ಕ್ 1, ವಜ್ರ 10. ನಮ್ಮ ಉಗುರು ಸುಮಾರು 2.5, ಚಾಕು ಮತ್ತು ಗಾಜು ಸುಮಾರು 5.5, ಬೆಣಚು 7. ಗಟ್ಟಿ ಇದ್ದದ್ದು ಮೆತ್ತಗಿದ್ದದ್ದನ್ನು ಗೀಚುತ್ತದೆ, ಅಷ್ಟೇ ಲೆಕ್ಕ. ಹಳೇ ಬಾಟಲಿ ಮೇಲೆ (ಟಿ.ವಿ. ಮೇಲೆ ಬೇಡ!) ಮಗನ ಕಲ್ಲಿನಿಂದ ಗೀಚಿ. ಒದ್ದೆ ಬೆರಳಿಂದ ಒರೆಸಿದರೂ ಗೆರೆ ಉಳಿದರೆ ಗಾಜಿಗೆ ಗಾಯವಾಗಿದೆ ಅಂತ ಅರ್ಥ. ಹಾಗಾದರೆ ಹರಳು ಮಾರುವವರು ಗಾಜು ಗೀಚಿ ತೋರಿಸಿ ‘ನೋಡ್ರಿ ಅಕ್ಕಾರ, ಅಸಲಿ ವಜ್ರ’ ಅಂದರೆ ಏನನ್ನಬೇಕು? ಗುಡ್ಡದ ಕಲ್ಲೂ ಅದನ್ನೇ ಮಾಡುತ್ತದ್ರೀ, ಅನ್ನಿ. ದುಬಾರಿ ಹರಳಾದರೆ ರತ್ನ ಪರೀಕ್ಷಾ ಪ್ರಯೋಗಾಲಯದ ಸರ್ಟಿಫಿಕೇಟ್ ಇಲ್ಲದೆ ದುಡ್ಡು ಬಿಚ್ಚಬೇಡಿ.

ಸ್ಫಟಿಕದ ಸರದ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಗಾಜಿನ ಮಣಿಯೇ ಸ್ಫಟಿಕದ ವೇಷ ಹಾಕಿ ಬರುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಗಾಜು. ಕೆನ್ನೆಗೆ ಒತ್ತಿದಾಗ ಸ್ಫಟಿಕ ಗಾಜಿಗಿಂತ ತಣ್ಣಗೆ ಅನಿಸುತ್ತದೆ, ಪ್ಲಾಸ್ಟಿಕ್ ಅಂತೂ ಬೆಚ್ಚಗೇ ಇರುತ್ತದೆ.

ಇನ್ನು ಲಿಂಬೆರಸದ ಪರೀಕ್ಷೆ. ಬೈಲಹೊಂಗಲದ ಕಡೆ ಎರೆ ಹೊಲದಲ್ಲಿ ಬೆಳ್ಳನೆ ಸುಣ್ಣದ ಹರಳು ಸಿಗುತ್ತವಲ್ಲ, ಒಂದನ್ನು ತೊಳೆದು ಲಿಂಬೆರಸ ಇಲ್ಲವೇ ವಿನೆಗರ್ ಬಿಡಿ. ಸಣ್ಣಗೆ ಗುಳ್ಳೆ ಏಳುತ್ತವೆ. ಹುಳಿ ತಾಗಿ ಸುಣ್ಣದಂಶದಿಂದ ಇಂಗಾಲದ ಡೈಆಕ್ಸೈಡ್ ಹೊರಬೀಳೋದು ಅದು. ಬೆಣಚು ಮಾತ್ರ ಜಪ್ಪಯ್ಯ ಅನ್ನಲ್ಲ. ಇದು ಅಡುಗೆಮನೆ ಕಟ್ಟೆಗೆ ಕಲ್ಲು ಆರಿಸುವಾಗ ಬಹಳ ಉಪಯೋಗ. ಕಡಪಾ, ಶಹಾಬಾದ್ ಫರಸಿ ಸುಣ್ಣಕಲ್ಲಿನ ಜಾತಿ, ಮಾರ್ಬಲ್ ಕೂಡ. ಲಿಂಬೆ, ಹುಣಸೆ ಬಿದ್ದಲ್ಲಿ ಹೊಳಪು ಹೋಗಿ ಕಲೆ ಕೂರುತ್ತದೆ. ಗ್ರಾನೈಟ್‌ಗೆ ಆ ಚಿಂತೆ ಕಡಿಮೆ. (ಇಳಕಲ್ಲಿಗೆ ಸೀರೆಯಷ್ಟೇ ಅಲ್ಲ, ಗ್ರಾನೈಟ್ ಹೆಸರೂ ಇದೆ!) ಕಪ್ಪು ಕಡಪಾ, ಕಪ್ಪು ಗ್ರಾನೈಟ್ ನೋಡಲು ಅಕ್ಕ-ತಂಗಿ, ದರದಲ್ಲಿ ಮಾತ್ರ ಬಹಳ ಅಂತರ. ಅಂಗಡಿಯಿಂದ ಒಂದು ಚೂರು ಕೇಳಿ ತನ್ನಿ. ಚಾಕುವಿನಿಂದ ಸುಲಭಕ್ಕೆ ಗೀಚು ಬಿದ್ದರೆ, ಲಿಂಬೆರಸ ಬಿಟ್ಟಲ್ಲಿ ಹೊತ್ತಾದ ಮೇಲೆ ಮಂಕಾದರೆ ಅದು ಗ್ರಾನೈಟ್ ಅಲ್ಲ.

ಮುತ್ತು, ಹವಳಕ್ಕೆ ಈ ಪರೀಕ್ಷೆ ಖಂಡಿತ ಬೇಡ. ಅವೂ ಸುಣ್ಣದಂಶದವೇ, ಅಸಲಿ ಇದ್ದರೆ ಅಸಲಿಯೇ ಹಾಳಾದೀತು. ಬಚ್ಚಲಿನ ಆಸಿಡ್ ಮುಟ್ಟಲೇಬೇಡಿ. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ.

ಬಣ್ಣ ನೋಡಿ ಮಾತ್ರ ಮೋಸ ಹೋಗಬೇಡಿ. ಪೈರೈಟ್ ಅನ್ನೋ ಖನಿಜ ಬಂಗಾರದ ಹಾಗೇ ಹೊಳೆಯುತ್ತದೆ, ಒರಟು ಬಿಳಿ ಟೈಲ್ಸ್ ಹಿಂಬದಿಗೆ ತಿಕ್ಕಿದರೆ ಕರ್ರನೆ ಗೆರೆ! ಬಂಗಾರದ ಗೆರೆ ಹಳದಿಯೇ. ನಮ್ಮ ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡೋದೂ ಆ ಗೆರೆಯನ್ನೇ. ಕಿತ್ತೂರು ದಾಟಿ ಖಾನಾಪುರದ ಕಡೆ ಸಿಗುವ ಕೆಂಪುಕಲ್ಲು ತಿಕ್ಕಿದರೆ ತುಕ್ಕಿನ ಬಣ್ಣ ಹತ್ತುತ್ತದೆ, ಒಳಗಿನ ಕಬ್ಬಿಣದ ಗುರುತು.

ನಾವು ದಿನಾ ಬಳಸುವ ಉಪ್ಪೂ ಖನಿಜವೇ, ರುಚಿಯಿಂದಲೇ ಸಿಕ್ಕಿಬೀಳುತ್ತದೆ. ಆದರೆ ಬೇರೆ ಯಾವ ಕಲ್ಲನ್ನೂ ಮಕ್ಕಳು ನಾಲಿಗೆಗೆ ತಾಗಿಸದಿರಲಿ. ಬೆಣಚುಕಲ್ಲು ಕುಟ್ಟಿ ಪುಡಿ ಮಾಡುವ ಆಟವೂ ಬೇಡ, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಒಡೆಯಲೇಬೇಕು ಅಂತ ಹಟ ಹಿಡಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ನೀವೇ ಒಡೆದುಕೊಡಿ.