ನೌಕರಿ ಹೋಯಿತು, ಕಾರು ಹೊರಟಿತು

ಅಮೆರಿಕದಲ್ಲಿ ದುಡಿಯುವವರಿಗೆ ಸಂಬಳಸಹಿತ ರಜೆ ಕೊಡಲೇಬೇಕು ಎನ್ನುವ ಕೇಂದ್ರ ಕಾನೂನು ಇಲ್ಲ. ಒಂದು ದಿನದ ರಜೆಗೂ ಇಲ್ಲ. ಹೆಚ್ಚಿನ ಕಡೆ ಕಂಪನಿ ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ. ಖಾಸಗಿ ನೌಕರಿಯಲ್ಲಿ ಹೊಸಬರಿಗೆ ವರ್ಷಕ್ಕೆ ಎರಡು ವಾರ ರಜೆ ಸಿಕ್ಕರೆ ಪರವಾಗಿಲ್ಲ ಎನ್ನುತ್ತಾರೆ. ಅಷ್ಟರಲ್ಲೇ ಅಪ್ಪ ಅಮ್ಮನನ್ನು ನೋಡಿ ಬರಬೇಕು, ಗೆಳೆಯರ ಮದುವೆಗೂ ಹೋಗಬೇಕು. ದೇಶವೋ ಬಲು ಅಗಲ. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ರಸ್ತೆಯಲ್ಲಿ ಸುಮಾರು 4,500 ಕಿಲೋಮೀಟರ್. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗುವುದಕ್ಕಿಂತಲೂ ಹೆಚ್ಚು. ನಿಂತು, ನೋಡಿ, ಊರಿನವರ ಜೊತೆ ಮಾತಾಡಿ ಈ ದೂರವನ್ನು ಹೋಗಿಬರಲು ತಿಂಗಳುಗಳು ಬೇಕು. ನೌಕರಿಯಲ್ಲಿರುವ ಗಂಡಹೆಂಡತಿಗೆ ಅಷ್ಟು ದಿನ ಒಟ್ಟಿಗೆ ಸಿಗುವುದು ನಿವೃತ್ತಿಯಾದ ಮೇಲೆ. ಇಲ್ಲವೇ ನೌಕರಿ ಹೋದಾಗ.

ಅದಕ್ಕೇ ಆ ದೇಶದಲ್ಲಿ ಇಪ್ಪತ್ತೈದು ಮೂವತ್ತರ ಹರೆಯದ ಜೋಡಿಯೊಂದು ಕೆಲಸವಿಲ್ಲದ ಹೊತ್ತಿನಲ್ಲಿ ಕಾರು ಹತ್ತಿ ದೇಶ ದಾಟಲು ಹೊರಡುವುದು ಅಪರೂಪವೇನಲ್ಲ. ಹೊರಗಿನಿಂದ ನೋಡಿದರೆ ಹುಚ್ಚುತನ ಅನ್ನಿಸಬಹುದು. ಆದರೆ ಇದರ ಹಿಂದೆ ಗಟ್ಟಿ ಲೆಕ್ಕವಿದೆ. ಮನೆಯ ಬಾಡಿಗೆ ಕರಾರು ಮುಗಿಯುವ ತಿಂಗಳು ನೋಡಿಕೊಂಡು ಮನೆ ಬಿಡುತ್ತಾರೆ. ಮಂಚ, ಸೋಫಾ ಮಾರಿ, ಉಳಿದದ್ದನ್ನು ತಿಂಗಳ ಬಾಡಿಗೆಯ ಗೋದಾಮಿನಲ್ಲಿ ಇಡುತ್ತಾರೆ. ಕಾರಿನ ಹಿಂದಿನ ಸೀಟು ಮಡಚಿ ಹಾಸಿಗೆ ಹಾಸುತ್ತಾರೆ. ದೊಡ್ಡ ನಗರದಲ್ಲಿ ಬಾಡಿಗೆಯೇ ತಿಂಗಳ ಅತಿ ದೊಡ್ಡ ಖರ್ಚು. ಅದು ನಿಂತ ಕೂಡಲೇ ಕೈಯಲ್ಲಿರುವ ಉಳಿತಾಯ ಹೆಚ್ಚು ದಿನ ಬಾಳುತ್ತದೆ.

ದೇಶವನ್ನೊಂದು ಸುತ್ತು ಹಾಕಿ ಬರಲು 12,000 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಲೀಟರಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಕೊಡುವ ಸಾಧಾರಣ ಕಾರು, ಗ್ಯಾಲನ್ನಿಗೆ ಮೂರೂವರೆ ಡಾಲರ್ ಪೆಟ್ರೋಲು ಎಂದು ಹಿಡಿದರೆ ಪೂರ್ತಿ ಪ್ರಯಾಣದ ಪೆಟ್ರೋಲು ಖರ್ಚು 900 ಡಾಲರಿನ ಆಸುಪಾಸು. ಜೇಬು ಖಾಲಿ ಮಾಡುವುದು ರಾತ್ರಿಯ ತಂಗುದಾಣ. ಅಗ್ಗದ ಮೋಟೆಲಿಗೆ 70 ಡಾಲರ್ ಕೊಟ್ಟರೂ ಎರಡು ತಿಂಗಳಿಗೆ 4,000 ಡಾಲರ್ ದಾಟುತ್ತದೆ. ಇಲ್ಲಿ ನೆರವಿಗೆ ಬರುವುದು ಸರ್ಕಾರಿ ಜಮೀನು. ಭೂ ನಿರ್ವಹಣಾ ಇಲಾಖೆಯ ವಶದಲ್ಲಿ ಸುಮಾರು 24.5 ಕೋಟಿ ಎಕರೆ ಇದೆ, ಅಂದರೆ ಐದು ಕರ್ನಾಟಕಗಳಷ್ಟು ನೆಲ. ಹೆಚ್ಚಿನದು ನೆವಾಡ, ಯೂಟಾ, ಅರಿಜೋನಾದಂಥ ಪಶ್ಚಿಮದ ಒಣ ರಾಜ್ಯಗಳಲ್ಲಿ. ನಿಷೇಧವಿಲ್ಲದ ಕಡೆ ಅಲ್ಲಿ ಗುಡಾರ ಹಾಕಲು, ಗಾಡಿ ನಿಲ್ಲಿಸಿ ಮಲಗಲು ಒಂದು ಕಾಸೂ ಕೊಡಬೇಕಿಲ್ಲ. ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನ ಒಂದೆಡೆ ಇರಬಹುದು, ಆಮೇಲೆ ದೂರ ಸರಿಯಬೇಕು. ನೀರು, ಶೌಚಾಲಯ, ದೀಪ ಯಾವುದೂ ಇರುವುದಿಲ್ಲ. ನೀರಿನ ಕ್ಯಾನು ತುಂಬಿಸಿಕೊಂಡೇ ಹೋಗಬೇಕು, ಕಸ ಕಟ್ಟಿಕೊಂಡೇ ಬರಬೇಕು. ಸ್ನಾನಕ್ಕೆ ಲಾರಿ ಚಾಲಕರಿಗೆಂದು ಹೆದ್ದಾರಿ ಬದಿಯಲ್ಲಿ ಕಟ್ಟಿದ ತಂಗುದಾಣಗಳಿವೆ. ದುಡ್ಡು ಕೊಟ್ಟರೆ ಬಿಸಿನೀರು, ಟವೆಲು ಸಿಗುತ್ತದೆ. ದೇಶದ ತುಂಬ ಶಾಖೆಗಳಿರುವ ಜಿಮ್ಮಿಗೆ ಸದಸ್ಯರಾಗಿ ಅಲ್ಲಿನ ಬಚ್ಚಲು ಬಳಸುವವರೂ ಬಹಳ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ದೇಶದ ನಿವಾಸಿಗಳಿಗೆ 80 ಡಾಲರ್, ಒಂದು ಪಾಸಿಗೆ ಕಾರಿನಲ್ಲಿರುವ ಎಲ್ಲರೂ ಒಳಗೆ.

ಹೊಟ್ಟೆಪಾಡಿನ ಚಿಂತೆ ಹೊತ್ತ ಯುವ ಜೋಡಿಗಳಿಗೆ ಆ ದೇಶದ ರಸ್ತೆ ಹಳೆಯ ಪರಿಚಯ. ಬಾಸ್ಟನ್ನಿನಿಂದ ಸಿಯಾಟಲ್‌ಗೆ ಹೋಗುವ ಐ-90 ಹೆದ್ದಾರಿಯಲ್ಲಿ ದಕ್ಷಿಣ ಡಕೋಟ ದಾಟುವಾಗ ‘ವಾಲ್ ಡ್ರಗ್’ ಎಂಬ ಅಂಗಡಿಯ ಫಲಕಗಳು ಸಾಲುಸಾಲಾಗಿ ಎದುರಾಗುತ್ತವೆ. 1931ರಲ್ಲಿ, ಆರ್ಥಿಕ ಕುಸಿತದ ನಡುವೆ, ಟೆಡ್ ಮತ್ತು ಡೊರೊತಿ ಹಸ್ಟೆಡ್ ಎಂಬ ದಂಪತಿ ವಾಲ್ ಎಂಬ ಪುಟ್ಟ ಊರಿನ ಔಷಧಿ ಅಂಗಡಿ ಕೊಂಡರು. ಐದು ವರ್ಷ ನೋಡೋಣ, ಆಗದಿದ್ದರೆ ಬಿಟ್ಟುಬಿಡೋಣ ಎಂಬುದು ಅವರ ಒಪ್ಪಂದ. ಗಡುವು ಮುಗಿಯುತ್ತ ಬಂದರೂ ವ್ಯಾಪಾರ ಹತ್ತಲಿಲ್ಲ. 1936ರ ಬೇಸಿಗೆಯ ಒಂದು ಮಧ್ಯಾಹ್ನ ರಸ್ತೆಯ ಮೇಲಿನ ಕಾರುಗಳ ಸದ್ದಿಗೆ ನಿದ್ದೆ ಬಾರದ ಡೊರೊತಿಗೆ ಒಂದು ಉಪಾಯ ಹೊಳೆಯಿತು: ಈ ಬಿಸಿಲಿನಲ್ಲಿ ಹೋಗುವವರಿಗೆ ಬೇಕಿರುವುದು ತಣ್ಣನೆಯ ನೀರು. ಐಸು ಹಾಕಿದ ನೀರು ಪುಕ್ಕಟೆ ಎಂದು ರಸ್ತೆಬದಿಯಲ್ಲಿ ಫಲಕ ನೆಟ್ಟರು. ಟೆಡ್ ಫಲಕ ನೆಟ್ಟು ಹಿಂತಿರುಗುವಷ್ಟರಲ್ಲಿ ಗಿರಾಕಿಗಳು ಬಂದು ನಿಂತಿದ್ದರು. ಇಂದಿಗೂ ಅಲ್ಲಿ ನೀರು ಪುಕ್ಕಟೆ, ಕಾಫಿಗೆ ಐದು ಸೆಂಟ್.

ಅದೇ ವರ್ಷಗಳಲ್ಲಿ ಇನ್ನೊಂದು ರಸ್ತೆಯಲ್ಲಿ ನಡೆದದ್ದು ಬೇರೆಯೇ ಕಥೆ. ಷಿಕಾಗೊದಿಂದ ಸಾಂಟಾ ಮೋನಿಕಾಗೆ ಹೋಗುತ್ತಿದ್ದ ‘ರೂಟ್ 66’ಕ್ಕೆ 1926ರಲ್ಲಿ ಅಂಕಿ ಬಿತ್ತು. ಮುಂದಿನ ದಶಕದಲ್ಲಿ ಬರ, ಧೂಳಿನ ಬಿರುಗಾಳಿ, ಸಾಲ ಮೂರೂ ಸೇರಿ ಓಕ್ಲಹೋಮಾ, ಟೆಕ್ಸಾಸ್, ಆರ್ಕನ್ಸಾ ಕಡೆಯ ರೈತರನ್ನು ನೆಲದಿಂದ ಎಬ್ಬಿಸಿದಾಗ, ಹಳೆಯ ಕಾರಿನ ಮೇಲೆ ಹಾಸಿಗೆ, ಪಾತ್ರೆ ಕಟ್ಟಿಕೊಂಡ ಸಂಸಾರಗಳು ಕೆಲಸ ಹುಡುಕುತ್ತ ಕ್ಯಾಲಿಫೋರ್ನಿಯಾಗೆ ಹೊರಟದ್ದು ಇದೇ ದಾರಿಯಲ್ಲಿ. ಜಾನ್ ಸ್ಟೈನ್‌ಬೆಕ್ 1939ರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿ ಬರೆದದ್ದು ಇವರ ಪಾಡನ್ನು. ಅವರಿಗೆ ಸ್ವಾಗತವೇನೂ ಕಾದಿರಲಿಲ್ಲ. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ ತನ್ನ ಪೊಲೀಸರನ್ನು ನೂರಾರು ಮೈಲಿ ದೂರದ ರಾಜ್ಯದ ಗಡಿಗಳಿಗೇ ಕಳಿಸಿ, ಕೈಯಲ್ಲಿ ಕಾಸಿಲ್ಲದವರನ್ನು ಒಳಬಿಡದೆ ಹಿಂದಕ್ಕಟ್ಟಿಸಿದ.

ಇಂಥ ಅಡ್ಡಗಟ್ಟುವಿಕೆಗೆ ಕೊನೆ ಹಾಡಿದ್ದೂ ಒಂದು ಕಾರು ಪ್ರಯಾಣವೇ. ಕ್ಯಾಲಿಫೋರ್ನಿಯಾದ ಮೇರಿಸ್‌ವಿಲ್‌ನ ಫ್ರೆಡ್ ಎಡ್ವರ್ಡ್ಸ್ ಎಂಬಾತ 1939ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಸ್ಪರ್ ಎಂಬ ಊರಿಗೆ ಹೋದ, ಕೆಲಸವಿಲ್ಲದ ಬಾಮೈದ ಫ್ರಾಂಕ್ ಡಂಕನ್‌ನನ್ನು ಕರೆತರಲು. 1940ರ ಜನವರಿ 1ರಂದು ಅಲ್ಲಿಂದ ಹೊರಟು 5ರಂದು ಮೇರಿಸ್‌ವಿಲ್ ಸೇರಿದರು. ಹೊರಡುವಾಗ ಡಂಕನ್ ಬಳಿ ಇದ್ದದ್ದು ಸುಮಾರು 20 ಡಾಲರ್, ಊರು ಮುಟ್ಟುವಷ್ಟರಲ್ಲಿ ಅದೂ ಖರ್ಚಾಗಿತ್ತು. ನಿರ್ಗತಿಕನೆಂದು ತಿಳಿದೂ ಒಬ್ಬನನ್ನು ರಾಜ್ಯದೊಳಗೆ ಕರೆತರುವುದು ಆಗ ಅಲ್ಲಿ ಅಪರಾಧವಾಗಿತ್ತು. ಎಡ್ವರ್ಡ್ಸ್‌ಗೆ ಆರು ತಿಂಗಳ ಜೈಲುಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1941ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿದರು. ಬಡವನಾದ ಮಾತ್ರಕ್ಕೆ ರಾಜ್ಯದ ಬಾಗಿಲು ಮುಚ್ಚುವಂತಿಲ್ಲ ಎಂದಾಯಿತು. ಬಾಮೈದನ ಮೇಲಿನ ಅಕ್ಕರೆಗೆ ಕೈಗೊಂಡ ನಾಲ್ಕೈದು ದಿನದ ಪ್ರಯಾಣ ಇಡೀ ದೇಶದ ಬಡವರ ಓಡಾಟಕ್ಕೆ ರಕ್ಷಣೆ ತಂದಿತೆಂಬುದು ನಿಜಕ್ಕೂ ದೊಡ್ಡ ಸಂಗತಿ. ಇಂದು ಕೆಲಸವಿಲ್ಲದ ಜೋಡಿಯೊಂದು ಯಾವ ರಾಜ್ಯದ ಗಡಿಯಲ್ಲೂ ಪರ್ಸು ತೆಗೆದು ತೋರಿಸದೆ ಸಾಗುವುದು ಆ ತೀರ್ಪಿನ ನೆರಳಿನಲ್ಲಿ.

ಆದರೂ ಎಲ್ಲರ ಪಾಲಿಗೆ ದಾರಿ ಆಗಲೇ ತೆರೆಯಲಿಲ್ಲ. ಕಪ್ಪು ಜನರಿಗೆ ಎಷ್ಟೋ ಊರುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ, ಊಟ ಸಿಗುತ್ತಿರಲಿಲ್ಲ. ಎಲ್ಲಿ ತಂಗಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಸಲು ನ್ಯೂಯಾರ್ಕಿನ ಅಂಚೆಯವ ವಿಕ್ಟರ್ ಗ್ರೀನ್ 1936ರಿಂದ ಒಂದು ಕೈಪಿಡಿ ಹೊರಡಿಸಿದ. 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೆಯೇ ಅದರ ಅಗತ್ಯ ತೀರುತ್ತ ಬಂದದ್ದು.

ಮುಂದಿನ ತಲೆಮಾರಿನ ಹೊತ್ತಿಗೆ ಕೆಲಸ ಬಿಟ್ಟು ರಸ್ತೆ ಹಿಡಿಯುವುದು ಕನಸಿನ ಬಣ್ಣ ಪಡೆಯಿತು. ಆಲ್ಬರ್ಟ್ ಬ್ರೂಕ್ಸ್ 1985ರಲ್ಲಿ ಮಾಡಿದ ‘ಲಾಸ್ಟ್ ಇನ್ ಅಮೆರಿಕ’ ಚಿತ್ರದಲ್ಲಿ ಜಾಹೀರಾತು ಕಂಪನಿಯ ನೌಕರ ಬಡ್ತಿ ಸಿಗದ ಸಿಟ್ಟಿನಲ್ಲಿ ಕೂಗಾಡಿ ಕೆಲಸ ಕಳೆದುಕೊಂಡು, ಹೆಂಡತಿಯ ಕೆಲಸವನ್ನೂ ಬಿಡಿಸಿ, ಮನೆ ಮಾರಿ, ಮನೆಯಂಥದೊಂದು ಗಾಡಿ ಕೊಂಡು ಹೊರಡುತ್ತಾನೆ. ಲಾಸ್ ವೇಗಸ್‌ನಲ್ಲಿ ಒಂದೇ ರಾತ್ರಿಯಲ್ಲಿ ಹೆಂಡತಿ ಕೂಡಿಟ್ಟದ್ದನ್ನೆಲ್ಲ ಜೂಜಿಗೆ ಸುರಿದುಬಿಡುತ್ತಾಳೆ. ಅರಿಜೋನಾದ ಸಣ್ಣ ಊರಿನಲ್ಲಿ ಅವನು ಶಾಲಾ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸಕ್ಕೆ ನಿಲ್ಲುತ್ತಾನೆ. ನಗಿಸುವ ಚಿತ್ರವಾದರೂ ಅದು ಹಿಡಿದ ಸತ್ಯ ಗಟ್ಟಿ. ಗಂಟು ಇರುವ ತನಕ ಪ್ರವಾಸಿ, ಕರಗಿದ ಮರುದಿನ ಕೂಲಿ ಹುಡುಕುವವ. ಗಾಡಿ ಅದೇ, ಜನವೂ ಅವರೇ.

ಈಗಿನ ಜೋಡಿಗಳು ಹೊರಡುವ ಮೊದಲು ಕೂತು ಓದಬೇಕಾದದ್ದು ನಕ್ಷೆಗಿಂತ ಹೆಚ್ಚಾಗಿ ಕಾಗದಪತ್ರ. ನಿರುದ್ಯೋಗ ಭತ್ಯೆ 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ ಬಂದದ್ದು, ನಡೆಸುವುದು ರಾಜ್ಯಗಳು. ಹಲವು ರಾಜ್ಯಗಳಲ್ಲಿ ಗರಿಷ್ಠ 26 ವಾರ ಸಿಗುತ್ತದೆ. ಆದರೆ ತಾನಾಗಿ ಕೆಲಸ ಬಿಟ್ಟವರಿಗೆ ಸಾಮಾನ್ಯವಾಗಿ ಇಲ್ಲ. ಕಂಪನಿಯೇ ತೆಗೆದಿದ್ದರೂ, ಕೆಲಸ ಹುಡುಕುತ್ತಿದ್ದೇನೆ, ಸಿಕ್ಕರೆ ಕೂಡಲೇ ಸೇರಲು ಸಿದ್ಧ ಎಂದು ಅವಧಿಗೆ ಸರಿಯಾಗಿ ಪ್ರಮಾಣೀಕರಿಸುತ್ತಿರಬೇಕು. ಮರುಭೂಮಿಯ ನಡುವೆ ಫೋನಿನ ಸಿಗ್ನಲ್ಲೂ ಇಲ್ಲದ ಕಡೆ ಗುಡಾರ ಹಾಕಿಕೊಂಡವರು ಹಾಗೆಂದು ಬರೆದುಕೊಟ್ಟರೆ ಅದು ಸುಳ್ಳಾಗುತ್ತದೆ, ಸಿಕ್ಕಿಬಿದ್ದರೆ ಪಡೆದ ಹಣ ಹಿಂತಿರುಗಿಸಿ ದಂಡವನ್ನೂ ಕಟ್ಟಬೇಕಾಗುತ್ತದೆ.

ಅದಕ್ಕಿಂತ ದೊಡ್ಡದು ಆರೋಗ್ಯ ವಿಮೆ. ಅಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರ ವಿಮೆ ನೌಕರಿಗೆ ಅಂಟಿಕೊಂಡಿರುತ್ತದೆ; ನೌಕರಿ ಹೋದರೆ ಅದೂ ಹೋಗುತ್ತದೆ. ‘ಕೋಬ್ರಾ’ ಎಂಬ ಕಾನೂನಿನಡಿ, ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದ ಕಂಪನಿಯ ವಿಮೆಯನ್ನು ಮುಂದುವರಿಸಿಕೊಳ್ಳಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಮೇಲೆ ಶೇಕಡ 2, ಎಲ್ಲ ತಾವೇ ಕಟ್ಟಬೇಕು. ಬೇಕೋ ಬೇಡವೋ ಹೇಳಲು 60 ದಿನ ಕಾಲಾವಕಾಶವಿದೆ, ಬೇಕೆಂದರೆ ವಿಮೆ ಹಿಂದಿನ ದಿನಾಂಕದಿಂದಲೇ ಜಾರಿಗೆ ಬರುತ್ತದೆ. ಹಾಗಾಗಿ ಎಷ್ಟೋ ಮಂದಿ ಅರ್ಜಿಗೆ ಸಹಿ ಹಾಕದೆ ಜೊತೆಯಲ್ಲಿಟ್ಟುಕೊಂಡು ಹೊರಡುತ್ತಾರೆ. ಕಾಲು ಮುರಿದರೆ ಸಹಿ ಹಾಕಿ ಹಿಂದಿನ ಕಂತೆಲ್ಲ ಕಟ್ಟುವುದು, ಮುರಿಯದಿದ್ದರೆ ಹಣ ಉಳಿಯಿತು. 2010ರ ಕಾನೂನಿನ ಪ್ರಕಾರ 26 ತುಂಬುವವರೆಗೆ ಅಪ್ಪ ಅಮ್ಮನ ವಿಮೆಯಲ್ಲಿ ಇರಬಹುದು, ಮದುವೆಯಾಗಿದ್ದರೂ ಸರಿ. ಆದರೆ ಕೈಹಿಡಿದವರಿಗೆ ಅದು ಅನ್ವಯಿಸದು. ಬಡವರಿಗಿರುವ ‘ಮೆಡಿಕೇಡ್’ ಆಯಾ ರಾಜ್ಯದ್ದು, ರಾಜ್ಯದ ಹೊರಗೆ ತುರ್ತು ಚಿಕಿತ್ಸೆ ಬಿಟ್ಟರೆ ಹೆಚ್ಚೇನೂ ಸಿಗದು. ಇಪ್ಪತ್ತೈದರ ಗಂಡನಿಗೆ ವಿಮೆ ಇದ್ದು ಇಪ್ಪತ್ತೇಳರ ಹೆಂಡತಿಗೆ ಇಲ್ಲದೆ ಒಂದೇ ಕಾರಿನಲ್ಲಿ ದೇಶ ದಾಟುವ ಸ್ಥಿತಿ ಇದರಿಂದ ಬರುತ್ತದೆ. ಶ್ರೀಮಂತ ದೇಶವೊಂದು ತನ್ನ ಯುವಕರನ್ನು ಹೀಗೆ ಜೂಜಿಗೆ ಹಚ್ಚುವುದು ಸರಿಯಲ್ಲ.

ಕನ್ನಡದ ಜೋಡಿಗಳಿಗೆ ಈ ಲೆಕ್ಕ ಇನ್ನೂ ಬಿಗಿ. ಪರಿಣತ ನೌಕರರಿಗೆ ಕೊಡುವ ಎಚ್-1ಬಿ ವೀಸಾದ ಅನುಮೋದನೆಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಭಾರತೀಯರ ಪಾಲು. ಅವರಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಎಂಜಿನಿಯರುಗಳೂ ಇದ್ದಾರೆ. 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಈ ವೀಸಾದಲ್ಲಿದ್ದು ಕೆಲಸ ಹೋದವರಿಗೆ ಸಿಗುವುದು ಗರಿಷ್ಠ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಗೆ ಅರ್ಜಿ ಸಲ್ಲಿಸಬೇಕು, ಅದೂ ಆಗದಿದ್ದರೆ ದೇಶ ಬಿಡಬೇಕು. ಸಂಗಾತಿ ಅವಲಂಬಿತರ ಎಚ್-4 ವೀಸಾದಲ್ಲಿದ್ದರೆ ಅವರ ವಾಸವೂ ಇದೇ ದಾರಕ್ಕೆ ಕಟ್ಟಿಕೊಂಡದ್ದು. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಮಂದಿಯನ್ನು ತೆಗೆಯುವುದಾಗಿ ಹೇಳಿದಾಗ, ಪಕ್ಕದ ಮೇಜಿನ ಅಮೆರಿಕನ್ ನೌಕರ ಪರಿಹಾರದ ಹಣ ಹಿಡಿದು ಬೆಟ್ಟಗಾಡಿಗೆ ಹೊರಡಬಹುದಿತ್ತು. ನಮ್ಮವರು ಅರವತ್ತರಿಂದ ಕೆಳಕ್ಕೆ ದಿನ ಎಣಿಸುತ್ತ ಸಂದರ್ಶನಕ್ಕೆ ಕೂರಬೇಕಿತ್ತು. ಕಾರು ಹತ್ತಬಾರದೆಂದು ಕಾನೂನೇನೂ ಹೇಳುವುದಿಲ್ಲ. ಹತ್ತುವ ನಿರಾಳ ಮಾತ್ರ ಅವರಿಗಿಲ್ಲ. ದಾರಿಯಲ್ಲಿ ಊಟಕ್ಕೇನೂ ಬರವಿಲ್ಲ: ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆ ಸಿಗುತ್ತದೆ, ಓಕ್ಲಹೋಮಾದ ಐ-40 ಬದಿಯಲ್ಲಿ ಲಾರಿ ಓಡಿಸುವ ಪಂಜಾಬಿಗಳಿಗೆಂದೇ ಢಾಬಾ ಎದ್ದಿದೆ.

ಇನ್ನು ಇಬ್ಬರ ನಡುವಿನ ಮಾತು. ಹಗಲಿಡೀ ಒಂದೇ ಕಾರು, ರಾತ್ರಿಯೂ ಅದೇ ಕಾರು, ಮೇಲೆ ಕರಗುತ್ತಿರುವ ಹಣ. ಸಿಟ್ಟು ಬಂದರೆ ಎದ್ದುಹೋಗಲು ಪಕ್ಕದ ಕೋಣೆ ಇರುವುದಿಲ್ಲ. 2021ರ ಬೇಸಿಗೆಯಲ್ಲಿ ವ್ಯಾನಿನಲ್ಲಿ ದೇಶ ಸುತ್ತಲು ಹೊರಟ ಒಂದು ಯುವ ಜೋಡಿ ಪ್ರಪಂಚದ ಸುದ್ದಿಯಾಯಿತು. ಯೂಟಾದಲ್ಲಿ ಪೊಲೀಸರು ಅವರ ಜಗಳ ಬಿಡಿಸಿ ಆ ರಾತ್ರಿಗೆ ಬೇರೆ ಬೇರೆ ಇರಿಸಿದ್ದರು. ಕೆಲವು ವಾರಗಳ ಬಳಿಕ ಇಪ್ಪತ್ತೆರಡರ ಆ ಹುಡುಗಿಯ ಶವ ವಯೋಮಿಂಗಿನ ಕಾಡಿನಲ್ಲಿ ಸಿಕ್ಕಿತು. ಕೊಂದವನು ಮದುವೆಯಾಗಬೇಕಿದ್ದ ಹುಡುಗನೇ. ಇಂಥದ್ದು ವಿರಳ, ಆದರೆ ನೆನಪಿಡಬೇಕಾದದ್ದು. ಯಾರ ಹೆಸರಿನ ಖಾತೆಯಲ್ಲಿ ಹಣವಿದೆ, ಗಾಡಿಯ ಕೀಲಿ ಯಾರ ಕೈಯಲ್ಲಿದೆ, ಇವತ್ತೇ ಮನೆಗೆ ಹೋಗುತ್ತೇನೆಂದರೆ ಬಸ್ಸಿಗೆ ದುಡ್ಡು ಇದೆಯೇ ಎಂಬುದನ್ನು ಇಬ್ಬರೂ ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಂಡಿರಬೇಕು.

ಹಣ ತೀರುತ್ತ ಬಂದಾಗ ದಾರಿಯಲ್ಲೇ ದುಡಿಯುವವರಿದ್ದಾರೆ. ಮಿನೆಸೋಟ ಮತ್ತು ಉತ್ತರ ಡಕೋಟದ ನಡುವಿನ ರೆಡ್ ನದಿಯ ಬಯಲಿನಲ್ಲಿ ಅಕ್ಟೋಬರ್ ಬಂತೆಂದರೆ ಸಕ್ಕರೆ ಬೀಟ್ ಕೊಯ್ಲು. ದಿನಕ್ಕೆ ಹನ್ನೆರಡು ತಾಸಿನ ಪಾಳಿ, ಚಳಿಗಾಳಿ, ಮೈತುಂಬ ಮಣ್ಣು. ಗಾಡಿ ನಿಲ್ಲಿಸಲು ಜಾಗ ಕೊಡುತ್ತಾರೆ, ಒಂದೆರಡು ವಾರದಲ್ಲಿ ಮುಂದಿನ ತಿಂಗಳುಗಳ ಖರ್ಚು ಕೈಸೇರುತ್ತದೆ. ಬೇಸಿಗೆಯಲ್ಲಿ ಸರ್ಕಾರಿ ಶಿಬಿರಗಳನ್ನು ನೋಡಿಕೊಂಡು ಅಲ್ಲೇ ಪುಕ್ಕಟೆ ತಂಗುವ ಅವಕಾಶವೂ ಉಂಟು.

ಇತ್ತೀಚೆಗೆ ಹಲವರು ಕ್ರಮವನ್ನೇ ತಿರುಗಿಸಿಕೊಂಡಿದ್ದಾರೆ. ಮೊದಲು ಹೊಸ ಕೆಲಸದ ಪತ್ರ ಪಡೆದು, ಸೇರುವ ದಿನವನ್ನು ಆರೆಂಟು ವಾರ ಮುಂದಕ್ಕೆ ಹಾಕಿಸಿಕೊಂಡು ಆಮೇಲೆ ಹೊರಡುತ್ತಾರೆ. ತಿರುಗಿ ಬಂದ ಮೇಲೆ ಮನೆ ಹುಡುಕುವ ಕಷ್ಟ ಅನುಭವಿಸಿದವರು ಇದನ್ನೇ ಜಾಣತನ ಎನ್ನುತ್ತಾರೆ. ದೊಡ್ಡ ನಗರಗಳಲ್ಲಿ ಬಾಡಿಗೆಯ ಮೂರು ಪಟ್ಟು ವರಮಾನ ತೋರಿಸಿ ಎಂದು ಮನೆಯೊಡೆಯರು ಕೇಳುವುದು ವಾಡಿಕೆ. ದೇಶದ ಆ ತುದಿ ಮುಟ್ಟಿ ಬಂದ ಜೋಡಿಯ ಬಳಿ ಸಂಬಳದ ಚೀಟಿ ಇರುವುದಿಲ್ಲ, ಆದರೆ ಸೇರುವ ದಿನಾಂಕ ನಮೂದಾದ ಪತ್ರ ತೋರಿಸಿದರೆ ಕರಾರಿಗೆ ಒಪ್ಪುವವರು ಸಿಗುತ್ತಾರೆ.