ಕತ್ತಿನ ನಳಿಕೆ: ಅಂಜಿಕೆ ಒಂದು ಕಡೆ, ಅಪಾಯ ಇನ್ನೊಂದು ಕಡೆ

ಬನ್ನೂರಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು ದಾರಿ. ರಕ್ತರೋಗಕ್ಕೆ ತುತ್ತಾದ ಮಗನನ್ನೋ ಸೊಸೆಯನ್ನೋ ಅಲ್ಲಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ, ಎಂದರೆ ನಮ್ಮ ಜನರ ‘ದೊಡ್ಡಾಸ್ಪತ್ರೆ’ಗೆ, ಅಥವಾ ಇನ್ನೂ ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕರೆದೊಯ್ದ ಮನೆಯವರು, ‘ಕತ್ತಿನ ನರಕ್ಕೆ ಲೈನ್ ಹಾಕಬೇಕು, ರುಜು ಮಾಡಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಊರಿನ ಬಂಧುಗಳಿಗೆಲ್ಲ ಫೋನು ಮಾಡಿ ಅಭಿಪ್ರಾಯ ಕೇಳುವುದುಂಟು. ಹೀಗೆ ಬರುವ ಅಭಿಪ್ರಾಯಗಳಲ್ಲಿ ವಾತ್ಸಲ್ಯವೆಷ್ಟೋ ಭ್ರಾಂತಿಯೂ ಅಷ್ಟೇ. ಅವುಗಳಲ್ಲಿ ಮುಖ್ಯವಾದವನ್ನು ಪರಿಶೀಲಿಸಿದರೆ, ಅಷ್ಟು ಭಯ ಬೇಡದ ಕಡೆ ನಾವು ಭೀತರಾಗಿಯೂ, ಭಯಪಡಬೇಕಾದ ಕಡೆ ನಿಶ್ಚಿಂತರಾಗಿಯೂ ಇರುವುದು ಕಂಡುಬರುತ್ತದೆ.

ತಪ್ಪು ಕಲ್ಪನೆ 1: ‘ಕತ್ತಿಗೆ ನಳಿಕೆ ಹಾಕಿದರೆಂದರೆ ಕೈಮೀರಿತೆಂದೇ ಅರ್ಥ, ಅದು ಹೃದಯಕ್ಕೇ ಚುಚ್ಚುತ್ತದೆ.’

ಸತ್ಯ: ಕತ್ತಿನ, ಕೊರಳೆಲುಬಿನ ಕೆಳಗಿನ ಅಥವಾ ತೋಳಿನ ಅಭಿಧಮನಿಯನ್ನು ಪ್ರವೇಶಿಸುವ ಈ ಮೃದುವಾದ ನಳಿಕೆಯ ತುದಿಯು, ದೇಹದ ಮೇಲ್ಭಾಗದ ರಕ್ತವೆಲ್ಲ ಕೂಡಿ ಹೃದಯವನ್ನು ಸೇರುವ ಮಹಾ ಅಭಿಧಮನಿಯಲ್ಲಿ ನಿಲ್ಲುತ್ತದೆ. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನಿಂದಲೇ ಇಂತಹ ನಳಿಕೆಯನ್ನು ಹೃದಯದವರೆಗೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ಸ್ವತಃ ನಡೆದುಹೋಗಿ ಚಿತ್ರ ತೆಗೆಸಿಕೊಂಡನು. 1956ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರನೂ ಆದನು. ಬ್ಲಡ್ ಕ್ಯಾನ್ಸರಿನಲ್ಲಿ ಈ ನಳಿಕೆಯನ್ನು ಚಿಕಿತ್ಸೆಯ ಆರಂಭದಲ್ಲಿಯೇ ಹಾಕುವುದು ವಾಡಿಕೆಯಾದುದರಿಂದ, ಇದನ್ನು ಅಂತ್ಯದ ಸೂಚನೆಯೆಂದು ಎಣಿಸುವುದು ಸರ್ವಥಾ ಸಂಗತವಲ್ಲ.

ತಪ್ಪು ಕಲ್ಪನೆ 2: ‘ಕೈಯಲ್ಲಿ ನರವಿರುವಾಗ ಕತ್ತಿನ ಗೊಡವೆ ಏಕೆ?’

ಸತ್ಯ: ವಿನ್‌ಕ್ರಿಸ್ಟಿನ್, ಡಾನೋರುಬಿಸಿನ್ ಮುಂತಾದ ಔಷಧಗಳು ಕೈಯ ಸಣ್ಣ ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಣ ಮಾಂಸವೇ ಸುಟ್ಟು ವ್ರಣವಾಗುತ್ತದೆ. ಮಹಾ ಅಭಿಧಮನಿಯಲ್ಲಿಯಾದರೋ ಪ್ರವಾಹವು ಪ್ರಬಲವಾಗಿರುವುದರಿಂದ, ತುಂಬಿದ ನಾಲೆಗೆ ಸುರಿದ ಬಿಂದಿಗೆಯ ನೀರಿನಂತೆ ಔಷಧವು ಕ್ಷಣದಲ್ಲಿ ಬೆರೆತು ತೆಳುವಾಗುತ್ತದೆ. ತಿಂಗಳುಗಟ್ಟಲೆ ಔಷಧವನ್ನೂ ರಕ್ತವನ್ನೂ ಏರಿಸಿಕೊಳ್ಳಬೇಕಾದವನ ಕೈಯ ನರಗಳು ಬೇಗನೆ ಬತ್ತಿಹೋಗುವುದೂ ಮತ್ತೊಂದು ಕಾರಣ.

ತಪ್ಪು ಕಲ್ಪನೆ 3: ‘ಪ್ಲೇಟ್‌ಲೆಟ್ ಇಳಿದಿರುವಾಗ ಸೂಜಿ ತಾಕಿಸಿದರೆ ರಕ್ತ ನಿಲ್ಲದು, ಪರಂಗಿ ಎಲೆಯ ರಸ ಕುಡಿಸಿ, ಲಕ್ಷ ದಾಟಿದ ಮೇಲೆ ನೋಡೋಣ.’

ಸತ್ಯ: ಆರೋಗ್ಯವಂತನ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್ ಇರುವುದೇನೋ ನಿಜ, ಆದರೆ ನಳಿಕೆ ಹಾಕುವುದಕ್ಕೆ ಅಷ್ಟು ಬೇಕಾಗಿಲ್ಲ. ಅಲ್ಟ್ರಾಸೌಂಡ್ ಪರದೆಯ ಮೇಲೆ ರಕ್ತನಾಳವನ್ನು ಕಣ್ಣಾರೆ ಕಂಡು ಸೂಜಿಯನ್ನು ಇಳಿಸುವ ಈ ಕಾಲದಲ್ಲಿ, 20,000ದಷ್ಟಿದ್ದರೂ ಸಾಕೆಂಬುದು ಹಲವು ಮಾರ್ಗಸೂಚಿಗಳ ಮತ. ಹಾಗೆಂದು ಎಣಿಕೆಯನ್ನು ಅಲಕ್ಷಿಸುವಂತೆಯೂ ಇಲ್ಲ. 2023ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗವೊಂದರಲ್ಲಿ, ಎಣಿಕೆ 10,000ದಿಂದ 50,000ದ ನಡುವೆ ಇದ್ದವರ ಪೈಕಿ, ಮೊದಲೇ ಪ್ಲೇಟ್‌ಲೆಟ್ ಏರಿಸಿದವರಲ್ಲಿ ಶೇಕಡ 4.8ರಷ್ಟು ಮಂದಿಗೂ ಏರಿಸದವರಲ್ಲಿ ಶೇಕಡ 11.9ರಷ್ಟು ಮಂದಿಗೂ ಗಮನಾರ್ಹವಾದ ರಕ್ತಸ್ರಾವವಾಯಿತು. ಆದುದರಿಂದ ವೈದ್ಯರು ಎಣಿಕೆಯನ್ನೂ ಜಾಗವನ್ನೂ ತೂಗಿನೋಡಿ, ಬೇಕಾದಲ್ಲಿ ಪ್ಲೇಟ್‌ಲೆಟ್ ಏರಿಸಿ ಮುಂದುವರಿಯುತ್ತಾರೆ. ಹಿಮೊಫಿಲಿಯಾ ಇದ್ದವರಿಗೆ, ಅವರಲ್ಲಿ ಕೊರತೆಯಿರುವ ಹೆಪ್ಪುಗಟ್ಟಿಸುವ ಅಂಶವನ್ನು ಮುಂಚಿತವಾಗಿ ಕೊಡುತ್ತಾರೆ. ಡೆಂಗಿ ಇಳಿದಾಗ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ, ಕೀರ್ತಿಯು ಪರಂಗಿ ಎಲೆಗೆ ಸಲ್ಲುತ್ತದೆ. ಆದರೆ ಅಸ್ಥಿಮಜ್ಜೆಯೇ ಕೆಟ್ಟಿರುವಾಗ ಯಾವ ಸೊಪ್ಪಿನ ರಸವೂ ಅದನ್ನು ಏರಿಸಲಾರದು, ಕಾಯ್ದ ದಿನಗಳು ಮಾತ್ರ ನಷ್ಟವಾಗುತ್ತವೆ. ಇನ್ನೊಂದು ವಿಷಯ: ರಕ್ತನಿಧಿಯಿಂದ ಪ್ಲೇಟ್‌ಲೆಟ್ ಚೀಲವನ್ನು ತರುವವರು ಅದನ್ನು ಐಸಿನ ಮೇಲೆ ಇಡಬಾರದು. ಅದನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುತ್ತ ಇಟ್ಟಿರುತ್ತಾರೆ. ಅದರ ಆಯುಷ್ಯವೂ ಸಾಮಾನ್ಯವಾಗಿ ಐದೇ ದಿನ.

ತಪ್ಪು ಕಲ್ಪನೆ 4: ‘ರಕ್ತವೇ ಹೆಪ್ಪುಗಟ್ಟದವನಿಗೆ ನಳಿಕೆಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ.’

ಸತ್ಯ: ಪ್ಲೇಟ್‌ಲೆಟ್ ಕಡಿಮೆಯಾದ ಮಾತ್ರಕ್ಕೆ ಈ ರಕ್ಷೆ ದೊರೆಯುವುದಿಲ್ಲ. ಕ್ಯಾನ್ಸರ್ ಕೂಡ ಹೆಪ್ಪುಗಟ್ಟುವಿಕೆಯನ್ನು ಕೆರಳಿಸುತ್ತದೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸುವ ಆಸ್ಪರಾಜಿನೇಸ್ ಎಂಬ ಔಷಧವು ಹೆಪ್ಪನ್ನು ತಡೆಯುವ ದೇಹದ ಸಹಜ ಪದಾರ್ಥವನ್ನೇ ಕುಗ್ಗಿಸುತ್ತದೆ. ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿಯೂ ನಳಿಕೆಯ ಸುತ್ತ ಹೆಪ್ಪುಗಟ್ಟುವ ಸಂಭವ ಅಧಿಕ. ನಳಿಕೆಯಿರುವ ಕಡೆಯ ತೋಳು, ಕತ್ತು ಅಥವಾ ಮುಖ ಊದಿಕೊಂಡರೆ ‘ಬಾವು, ತಾನೇ ಇಳಿಯುತ್ತದೆ’ ಎಂದು ಬಿಸಿನೀರಿನ ಕಾವು ಕೊಡುತ್ತ ಕೂರದೆ, ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ತಪ್ಪು ಕಲ್ಪನೆ 5: ‘ನಳಿಕೆ ಹಾಕಿದ್ದಾಯಿತು, ಗಂಡಾಂತರ ಕಳೆಯಿತು, ಕೀವಿಲ್ಲ, ನೋವಿಲ್ಲ, ಜ್ವರಕ್ಕೆ ಒಂದು ಮಾತ್ರೆ ಸಾಕು.’

ಸತ್ಯ: ಎಲ್ಲಕ್ಕಿಂತ ಘೋರವಾದ ಭ್ರಾಂತಿ ಇದೇ. ಕೀವು ಬಹುಮಟ್ಟಿಗೆ ಸತ್ತ ಬಿಳಿ ರಕ್ತಕಣಗಳ ರಾಶಿ. ಆ ಕಣಗಳೇ ಕ್ಷೀಣಿಸಿರುವ ರೋಗಿಯಲ್ಲಿ ಕೀವಾಗುವುದೆಲ್ಲಿಂದ ಬಂತು? ನಳಿಕೆಯ ಮೂಲಕ ನುಸುಳಿದ ಸೂಕ್ಷ್ಮಜೀವಿ ನೇರವಾಗಿ ರಕ್ತವನ್ನೇ ಸೇರುವುದರಿಂದ, ಕೀವು ಕಾಣದಿದ್ದರೂ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ನಳಿಕೆಗೆ ಔಷಧ ಹಾಕಿದೊಡನೆ ಚಳಿನಡುಕ ಬಂದರೆ, ಬೆಳಗಿನ ಬಸ್ಸಿಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ನಳಿಕೆಯ ಬಾಯಿಯನ್ನು ಮುಟ್ಟುವ ಮುನ್ನ ದಾದಿಯು ಕೈತೊಳೆದು, ಸ್ಪಿರಿಟ್ಟಿನಿಂದ ಅದನ್ನು ತಿಕ್ಕಿ, ಆರಲು ಬಿಟ್ಟು, ಅನಂತರ ಸಲೈನ್ ಹಾಯಿಸುವುದನ್ನು ನೋಡಿರಬಹುದು. ಆ ಅರ್ಧ ನಿಮಿಷದ ಕೆಲಸವೇ ರೋಗಿಯ ಕವಚ. ಪಾರದರ್ಶಕ ಪಟ್ಟಿಯನ್ನು ಏಳು ದಿನಕ್ಕೊಮ್ಮೆಯೂ ಗಾಜ್ ಬಟ್ಟೆಯ ಪಟ್ಟಿಯನ್ನು ಎರಡು ದಿನಕ್ಕೊಮ್ಮೆಯೂ, ಒದ್ದೆಯಾದರೆ ಅಥವಾ ಕಿತ್ತುಬಂದರೆ ಕೂಡಲೇ, ಬದಲಿಸಬೇಕು. ಪಟ್ಟಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ನೆನೆಯದಂತೆ ಮೈ ತೊಳೆಯಬಹುದು. ಹೊಳೆಯಲ್ಲಿಯೂ ನಾಲೆಯಲ್ಲಿಯೂ ಮುಳುಗುವುದು ಮಾತ್ರ ನಳಿಕೆ ತೆಗೆಯುವವರೆಗೆ ನಿಷಿದ್ಧ.

ಹೀಗಿರುವುದರಿಂದ, ರುಜು ಮಾಡುವ ಮುನ್ನ ಊರಿಗೆ ಫೋನು ಮಾಡುವುದರ ಬದಲು ಎದುರಿಗಿರುವ ವೈದ್ಯರನ್ನೇ ಕೇಳಿ: ಈ ನಳಿಕೆ ಏತಕ್ಕೆ, ಪ್ಲೇಟ್‌ಲೆಟ್ ಎಷ್ಟಿದೆ, ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುವಿರಾ, ಯಾವಾಗ ತೆಗೆಯುವಿರಿ? ನಳಿಕೆಯೊಡನೆ ಮನೆಗೆ ಹೊರಡುವಾಗ, ನಡುರಾತ್ರಿ ಜ್ವರ ಬಂದರೆ ಯಾರಿಗೆ ಕರೆಮಾಡಬೇಕೆಂಬುದನ್ನು ಬರೆಸಿಕೊಳ್ಳದೆ ವಾರ್ಡಿನಿಂದ ಕದಲಬೇಡಿ.