ಬಯಲುಸೀಮೆಯಲ್ಲಿ ಮುದುಡಿದ ಹವಳ

ಕೊಪ್ಪಳ ಎಲ್ಲಿ, ಕಡಲು ಎಲ್ಲಿ! ನಮ್ಮ ರಾಜ್ಯದಲ್ಲಿ ಜೀವಂತ ಹವಳ ನೋಡಬೇಕೆಂದರೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಬೇಕು. ಆದರೂ ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಮೃದು ಹವಳ ಸಾಕುವ ಹವ್ಯಾಸಕ್ಕೆ ಒಳನಾಡು ಅಡ್ಡಿಯೇನಲ್ಲ. ತಂದ ವಾರ ಅಣಬೆಯಂತೆ ಅರಳಿ ನಿಂತದ್ದು ಒಂದು ಬೆಳಿಗ್ಗೆ ಮುದುಡಿ ಕೂತಿರುತ್ತದೆ. 'ಅಪ್ಪಾ, ಹವಳ ಸತ್ತೈತೇನು?' ಎಂದು ಮಗಳು ಕೇಳುತ್ತಾಳೆ. ಏನು ಹೇಳುವುದು?

ಹವಳ ಗಿಡವಲ್ಲ, ಪ್ರಾಣಿ. ನೂರಾರು ಪುಟ್ಟ ಜೀವಿಗಳು ಕೂಡಿ ಬಾಳುವ ಸಂಸಾರ ಅದು. ಮೃದು ಹವಳದ ಒಂದೊಂದು ಜೀವಿಗೂ ಎಂಟೆಂಟು ಗ್ರಹಣಾಂಗಗಳು. (ಉಂಗುರದಲ್ಲಿ ಕೂರುವ ಕೆಂಪು ಹವಳ ಇದರ ಬಂಧುವಿನ ಅಸ್ಥಿ!) ಹಲವು ಮೃದು ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿದ್ದು, ಬೆಳಕಿನಲ್ಲಿ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತದೆ.

ಮುದುಡಿದ ಮಾತ್ರಕ್ಕೆ ಗಾಬರಿ ಬೇಡ. ಅಣಬೆಯಾಕಾರದ ತೊಗಲು ಹವಳ ಆಗಾಗ ಮುಚ್ಚಿಕೊಂಡು, ಮೈಮೇಲೆ ಮೇಣದಂಥ ಪೊರೆ ಬೆಳೆಸಿ, ಕೆಲವು ದಿನಗಳ ನಂತರ ಅದನ್ನು ಕಳಚಿ ಮತ್ತೆ ಅರಳುತ್ತದೆ. ಹಾವು ಪೊರೆ ಬಿಟ್ಟಂತೆ. ಆದರೆ ಮೈ ಕರಗಿ ಲೋಳೆಯಾಗುತ್ತಿದ್ದರೆ, ಕೆಟ್ಟ ವಾಸನೆ ಬಂದರೆ, ಅದು ಬೇರೆ ಕತೆ.

ಆಗ ಮೊದಲು ಅನುಮಾನಿಸಬೇಕಾದ್ದು ನೀರನ್ನು. ಇಲ್ಲಿ ಶಾಲೆಯ ಗಣಿತ ಕೆಲಸಕ್ಕೆ ಬರುತ್ತದೆ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 100 ಲೀಟರಿನ ತೊಟ್ಟಿಯಲ್ಲಿ ಮೂರೂವರೆ ಕಿಲೋ ಆಯಿತು. ನಮ್ಮ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎರಡು ಲೀಟರ್ ಆವಿಯಾಯಿತೆನ್ನಿ. ಹತ್ತು ದಿನ ಸುಮ್ಮನಿದ್ದರೆ ಉಳಿಯುವುದು 80 ಲೀಟರ್. ನೀರು ಹೋಯಿತು, ಲವಣ ಹೋಗಲಿಲ್ಲ. ಲೀಟರಿಗೆ 44 ಗ್ರಾಂ ಸಮೀಪಿಸಿತು! ಹವಳ ಮುದುಡದೆ ಏನು ಮಾಡೀತು? ಆವಿಯಾದ ಜಾಗಕ್ಕೆ ಮತ್ತೆ ಉಪ್ಪುನೀರು ಸುರಿದರಂತೂ ಮುಗಿಯಿತು. ಅಲ್ಲಿಗೆ ಸೇರಬೇಕಾದ್ದು ಸಿಹಿನೀರು, ಅದೂ ದಿನದಿನವೂ ಸ್ವಲ್ಪ ಸ್ವಲ್ಪವೇ.

ಯಾವ ಸಿಹಿನೀರು ಎಂಬುದೇ ನಮ್ಮ ಭಾಗದ ನಿಜವಾದ ತೊಡಕು. ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ತಂದಿಟ್ಟ ಸಂಕಟ ಎಲ್ಲರಿಗೂ ಗೊತ್ತು. ಸೋಜಿಗವೆಂದರೆ ಸಮುದ್ರದಲ್ಲೂ ಲೀಟರಿಗೆ 1.3 ಮಿಲಿಗ್ರಾಂನಷ್ಟು ಫ್ಲೋರೈಡ್ ಇದ್ದೇ ಇದೆ. ಆದರೆ ತೊಟ್ಟಿಯಲ್ಲಿ ಅದು, ಗಡಸು ಲವಣ, ನೈಟ್ರೇಟ್ ಎಲ್ಲವೂ ಜಮೆಯಾಗುತ್ತಲೇ ಹೋಗುತ್ತವೆ. ಲೀಟರಿಗೆ ಒಂದು ಗ್ರಾಂ ಲವಣವಿರುವ ಬೋರಿನ ನೀರನ್ನು ದಿನಕ್ಕೆರಡು ಲೀಟರಿನಂತೆ ಸುರಿದರೆ ತಿಂಗಳಿಗೆ 60 ಗ್ರಾಂ! ಗಂಗಾವತಿಯದು ಕಾಲುವೆ ಸೀಮೆ. ಭತ್ತದ ಗದ್ದೆಯ ಗೊಬ್ಬರ ಬಾವಿ, ಹಳ್ಳಗಳಿಗೆ ಇಳಿದರೆ ತೊಟ್ಟಿಯಲ್ಲಿ ಬೇಡದ ಪಾಚಿ ಬೆಳೆದು ಹವಳಕ್ಕೆ ಮುಸುಕು ಹಾಕುತ್ತದೆ. ಆದ್ದರಿಂದ ಆರ್‌ಓ ನೀರೇ ಸರಿ. ಊರಿನ ಶುದ್ಧ ನೀರಿನ ಘಟಕದ್ದಾದರೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ತೊಟ್ಟಿಯ ಉಪ್ಪೂ ಅಡುಗೆಮನೆಯದಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆಸಿದ ಕೃತಕ ಸಮುದ್ರ ಲವಣವೇ ಆಗಬೇಕು.

ನಂತರದ ಶತ್ರು ಶಾಖ. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ಹೊರಗೆ 40 ದಾಟಿದಾಗ ತೊಟ್ಟಿಯ ನೀರು ಅಷ್ಟರಲ್ಲಿ ನಿಲ್ಲುವುದಿಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಡಕೆಯ ನೀರು ತಣ್ಣಗಾಗುವ ಸೂತ್ರದಲ್ಲೇ. ಆವಿಯೂ ಹೆಚ್ಚುತ್ತದೆ, ಮೇಲಿನ ಲೆಕ್ಕ ಮರೆಯಬೇಡಿ. ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪ್ ಬೇಕೇ ಬೇಕು.

ನೀರು, ಶಾಖ ಎರಡೂ ಸರಿಯಿದ್ದರೆ ನೆರೆಹೊರೆ ನೋಡಿ. ತೊಗಲು ಹವಳಗಳು ಜಾಗಕ್ಕಾಗಿ ನೀರಿಗೆ ವಿಷರಸ ಬಿಟ್ಟು ಕಾದಾಡುತ್ತವೆ. ದೂರ ಸರಿಸಿ, ಸೋಸುಕದಲ್ಲಿ ಸಕ್ರಿಯ ಇದ್ದಿಲು ಇಡಿ. ಮೀನಿನ ರೋಗಕ್ಕೆಂದು ತಾಮ್ರವಿರುವ ಔಷಧಿ ಮಾತ್ರ ಹಾಕಲೇಬೇಡಿ. ಮೀನು ಬದುಕೀತು, ಹವಳ ಉಳಿಯದು.

ಇನ್ನು ಹೊಸದಾಗಿ ಕೊಳ್ಳುವವರಿಗೆ. ಬಂಡೆ ಕಟ್ಟುವ ಗಟ್ಟಿ ಹವಳ, ಕರಿ ಹವಳ, ಸಮುದ್ರ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದರೆ ಅಪರಾಧ. ಮೃದು ಹವಳವನ್ನೂ ತೊಟ್ಟಿಯಲ್ಲೇ ಬೆಳೆದ ತುಂಡು ಹೌದೇ ಎಂದು ಕೇಳಿ, ಬಿಲ್ ಪಡೆದು ತನ್ನಿ. ಅದಕ್ಕೂ ಮುನ್ನ ಒಂದು ಬೇಸಿಗೆ ಪೂರ್ತಿ ಬರೀ ಉಪ್ಪುನೀರಿನ ತೊಟ್ಟಿ ನಡೆಸಿ, ಲವಣ ಮತ್ತು ಶಾಖದ ಅಂಕಿಗಳನ್ನು ಮಕ್ಕಳಿಂದ ದಿನವೂ ನೋಟ್‌ಬುಕ್ಕಿನಲ್ಲಿ ಬರೆಸಿ.